ಐದು ಸಾವಿರದ ಗೇಮ್: ಇವತ್ತೇ ಕೊಳ್ಳುವುದಾ, ಕಾಯುವುದಾ, ತಿಂಗಳ ಚಂದಾ ಕಟ್ಟುವುದಾ?

2025ರ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು. ಟಿವಿಗೆ ಜೋಡಿಸಿ ಆಡುವ ಸೋನಿಯ ಪಿಎಸ್5 ಕನ್ಸೋಲ್‌ಗೆ ‘ಘೋಸ್ಟ್ ಆಫ್ ಯೊತೇಯ್’ ಅನ್ನುವ ವಿಡಿಯೊ ಗೇಮ್ ಬಿಡುಗಡೆಯಾದದ್ದೂ ಅವತ್ತೇ. ಅಕ್ಕನ ಮಗ ಮಣಿಪಾಲದಿಂದ ರಜೆಗೆ ಬಂದಿದ್ದ. ನಮ್ಮ ಮನೆ ಮಂಗಳೂರಿನ ಕುದ್ರೋಳಿ ದೇವಸ್ಥಾನದ ಹತ್ತಿರ. ಹೊರಗೆ ಹುಲಿವೇಷದ ತಾಸೆ ಸದ್ದು, ಒಳಗೆ ಇವನು ಫೋನ್ ಹಿಡಿದು ಕೂತಿದ್ದಾನೆ. ಇಂಟರ್ನ್‌ಶಿಪ್‌ನಲ್ಲಿ ಬಂದ ಮೊದಲ ದುಡ್ಡಿನಲ್ಲಿ ಐದು ಸಾವಿರ ಎತ್ತಿಟ್ಟಿದ್ದಾನೆ. “ಮಾಮ, ಎಂತ ಮಾಡುದು? ಇವತ್ತೇ ತಗೊಳ್ಳುದಾ, ಕಾಯುದಾ?”

ಆ ವಾರ ಈ ಪ್ರಶ್ನೆ ತುಂಬಾ ಜನರನ್ನು ಕಾಡಿರಬೇಕು. ಸೆಪ್ಟೆಂಬರ್ 26ಕ್ಕೆ ಫುಟ್‌ಬಾಲ್ ಗೇಮ್ ‘ಇಎ ಸ್ಪೋರ್ಟ್ಸ್ ಎಫ್‌ಸಿ 26’ ಬಂದಿತ್ತು. 29ರಿಂದ ಪಿಸಿ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಸೇಲ್ ಶುರುವಾಗಿತ್ತು. ತಿಂಗಳಿಗೆ ಇಷ್ಟು ಅಂತ ಕಟ್ಟಿ ಹಲವು ಗೇಮ್ ಆಡುವ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನ ಚಂದಾ ಅಕ್ಟೋಬರ್ 1ಕ್ಕೆ ಏರಿತು. ಅದಕ್ಕೆ ಒಂದು ತಿಂಗಳ ಹಿಂದೆ ಬಂದ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಬರೀ 20 ಡಾಲರ್‌ಗೆ ಸಿಗುತ್ತಿತ್ತು. ದುಡ್ಡು ಒಂದೇ, ದಾರಿ ಐದಾರು.

ಅವತ್ತು ಅವನ ಜೊತೆ ಕೂತು ಹಾಕಿದ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ವಾರವೇ ಕೂತು ಆಡುವ ಗೇಮ್‌ಗೆ ಮಾತ್ರ ಪೂರ್ತಿ ದುಡ್ಡು ಕೊಡಿ. “ಮುಂದೆ ಯಾವಾಗಾದರೂ ಆಡುತ್ತೇನೆ” ಅನ್ನುವ ಗೇಮ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಆ ‘ಮುಂದೆ’ ಬಂದಾಗಲೇ ಕೊಳ್ಳಿ. ಅಷ್ಟರಲ್ಲಿ ರೇಟೂ ಇಳಿದಿರುತ್ತದೆ, ಗೇಮೂ ಸುಧಾರಿಸಿರುತ್ತದೆ.

ಪೂರ್ತಿ ಬೆಲೆ ಅಂದರೆ ಎಷ್ಟು?

ಅಮೆರಿಕದಲ್ಲಿ ದೊಡ್ಡ ಗೇಮ್ ಒಂದರ ಬೆಲೆ 2005–06ರಿಂದ ಸುಮಾರು 15 ವರ್ಷ 60 ಡಾಲರ್‌ನಲ್ಲೇ ನಿಂತಿತ್ತು. ಪಿಎಸ್5 ಬಂದ 2020ರಲ್ಲಿ ಅದು 70 ಆಯಿತು. 2025ರಲ್ಲಿ ನಿಂಟೆಂಡೊ ‘ಮಾರಿಯೊ ಕಾರ್ಟ್ ವರ್ಲ್ಡ್’ಗೆ 80 ಡಾಲರ್ ಇಟ್ಟಿತು. ಅದನ್ನು ನೋಡಿ ‘ದಿ ಔಟರ್ ವರ್ಲ್ಡ್ಸ್ 2’ಕ್ಕೂ 80 ಅಂತ ಘೋಷಿಸಿದರು. ಜನ ಗಲಾಟೆ ಮಾಡಿದರು. ಬಿಡುಗಡೆಗೆ ಮೊದಲೇ 70ಕ್ಕೆ ಇಳಿಸಬೇಕಾಯಿತು. ಕೊಳ್ಳುವವರ ಮಾತಿಗೆ ಬೆಲೆ ಇಲ್ಲ ಅನ್ನುವವರಿಗೆ ನಾನು ಇದನ್ನೇ ತೋರಿಸುವುದು.

ನಮ್ಮಲ್ಲಿ ಪಿಎಸ್5ನ ದೊಡ್ಡ ಗೇಮ್ ಅಂದರೆ ಐದು ಸಾವಿರದ ಆಸುಪಾಸು. ಪಿಎಸ್4 ಕಾಲದಲ್ಲಿ ನಾಲ್ಕು ಸಾವಿರ ಇತ್ತು. ಪಿಸಿಯಲ್ಲಿ ಕಥೆ ಬೇರೆ. ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ರೇಟು ಇರುತ್ತದೆ, ಅದನ್ನು ಆಯಾ ಕಂಪನಿಯೇ ನಮ್ಮ ದೇಶಕ್ಕೆ ಅಂತ ನಿಗದಿ ಮಾಡುತ್ತದೆ. ಹಾಗಾಗಿ ಒಬ್ಬರು ನ್ಯಾಯವಾದ ರೇಟು ಇಟ್ಟರೆ, ಇನ್ನೊಬ್ಬರು ಡಾಲರ್ ಲೆಕ್ಕವನ್ನೇ ರೂಪಾಯಿಗೆ ತಿರುಗಿಸಿ ಇಟ್ಟಿರುತ್ತಾರೆ. ಸಣ್ಣ ತಂಡಗಳ ಒಳ್ಳೊಳ್ಳೆಯ ಗೇಮ್‌ಗಳು ಸಾವಿರ ರೂಪಾಯಿಯ ಒಳಗೇ ಧಾರಾಳ ಸಿಗುತ್ತವೆ.

ಜನ ಈಗಲೂ ಪೂರ್ತಿ ಬೆಲೆ ಕೊಡುತ್ತಾರಾ? ಕೊಡುತ್ತಾರೆ, ಆದರೆ ಅಂಥವರು ಕಡಿಮೆ. ಮಾರುಕಟ್ಟೆ ಸಮೀಕ್ಷೆ ಮಾಡುವ ಅಮೆರಿಕದ ಸರ್ಕಾನಾ ಸಂಸ್ಥೆ 2025ರಲ್ಲಿ ಹೇಳಿದ ಪ್ರಕಾರ, ಅಲ್ಲಿ ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಗೇಮ್ ಕೊಳ್ಳುವವರು ಆಡುವವರಲ್ಲಿ ಶೇ 4ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಜನ ವರ್ಷಕ್ಕೆ ಎರಡರ ಮೇಲೆ ಕೊಳ್ಳುವುದಿಲ್ಲ. ಅಷ್ಟು ಸಂಬಳದ ದೇಶದಲ್ಲೇ ಹೀಗೆ. ಇಲ್ಲಿ ಒಂದು ಗೇಮ್‌ನ ದುಡ್ಡಿನಲ್ಲಿ ನನ್ನ ಅಳಿಯನ ಒಂದು ತಿಂಗಳ ಮೆಸ್ ಬಿಲ್ ಕಳೆಯುತ್ತದೆ. ಯೋಚನೆ ಮಾಡಿ ಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಡಿಸ್ಕ್ ತಗೊಂಡರೆ ಲೆಕ್ಕ ಬೇರೆ

ಕನ್ಸೋಲ್ ಇದ್ದವರು ಮೊದಲು ನೋಡಬೇಕಾದದ್ದು ಡಿಸ್ಕ್ ಡ್ರೈವ್ ಉಂಟಾ ಅಂತ. ಪಿಎಸ್5 ಡಿಜಿಟಲ್ ಎಡಿಷನ್‌ನಲ್ಲಿ, ಪಿಎಸ್5 ಪ್ರೊದಲ್ಲಿ ಅದು ಇಲ್ಲ. ಪ್ರೊಗೆ ಮತ್ತು ಹೊಸ ಸ್ಲಿಮ್ ಮಾದರಿಗೆ ಬೇರೆಯಾಗಿ ಕೊಂಡು ಜೋಡಿಸಬಹುದು. ಹಳೆಯ ಡಿಜಿಟಲ್ ಎಡಿಷನ್‌ಗೆ ಅದೂ ಆಗುವುದಿಲ್ಲ. ಕನ್ಸೋಲ್ ಕೊಳ್ಳುವಾಗ ಕೆಲವು ಸಾವಿರ ಉಳಿಯಿತು ಅಂತ ಡಿಜಿಟಲ್ ತಗೊಂಡವರು ಆಮೇಲೆ ಎರಡು ಮೂರು ಗೇಮ್‌ನಲ್ಲೇ ಅದನ್ನು ಕಳೆದುಕೊಳ್ಳುತ್ತಾರೆ.

ಯಾಕೆ ಅಂದರೆ ಡಿಸ್ಕ್ ಮಾರಬಹುದು. ಕಥೆಯ ಗೇಮ್ ಒಂದನ್ನು ಬಿಡುಗಡೆ ದಿನ ಐದು ಸಾವಿರಕ್ಕೆ ಕೊಂಡು, ಮೂರು ವಾರದಲ್ಲಿ ಮುಗಿಸಿ ಮೂರೂವರೆಗೆ ಮಾರಿದರೆ ನಿಮಗೆ ಬಿದ್ದದ್ದು ಒಂದೂವರೆ ಸಾವಿರ. ಅದೇ ಗೇಮ್ ಡೌನ್‌ಲೋಡ್ ಆಗಿ ಒಂದೂವರೆ ಸಾವಿರಕ್ಕೆ ಇಳಿಯಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಅಂದರೆ ಡಿಸ್ಕ್‌ನಲ್ಲಿ ಬೇಗ ಕೊಂಡು, ಬೇಗ ಮುಗಿಸಿ, ಬೇಗ ಮಾರುವವನಿಗೆ ಪೂರ್ತಿ ಬೆಲೆಯೇ ಲಾಭ. ತಿಂಗಳುಗಟ್ಟಲೆ ಶೆಲ್ಫ್‌ನಲ್ಲಿ ಇಟ್ಟುಕೊಳ್ಳುವವನಿಗೆ ಅಲ್ಲ. ಅಂಗಡಿಯಲ್ಲಿ ಹೊಸದರ ರೇಟು ಇಳಿದ ದಿನ ಹಳೆಯದರ ರೇಟೂ ಬಿತ್ತು ಅಂತಲೇ ಅರ್ಥ.

ಪಿಸಿಯವರಿಗೆ ಈ ದಾರಿಯೇ ಇಲ್ಲ. ಪಿಸಿ ಗೇಮ್‌ನ ಕೀಯನ್ನು, ಅಂದರೆ ಗೇಮ್ ಪಡೆಯುವ ಕೋಡನ್ನು, ಒಮ್ಮೆ ನಿಮ್ಮ ಅಕೌಂಟ್‌ಗೆ ಸೇರಿಸಿದರೆ ಮುಗಿಯಿತು, ಅದು ಇನ್ನೊಬ್ಬರ ಕೈಗೆ ಹೋಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವವರಿಗೆ ನಮ್ಮ ಊರಲ್ಲಿ ಒಂದು ಒಳ್ಳೆಯ ಸಮಯ ಉಂಟು. ಮೇ, ಜೂನ್‌ನಲ್ಲಿ ಮಣಿಪಾಲದಲ್ಲಿ ಓದು ಮುಗಿಸಿದ ಹುಡುಗರು ರೂಮ್ ಖಾಲಿ ಮಾಡುತ್ತಾರೆ. ಫ್ಯಾನು, ಹಾಸಿಗೆ, ಸೈಕಲ್ ಜೊತೆಗೆ ಗೇಮ್ ಡಿಸ್ಕ್‌ಗಳೂ ಹೊರಗೆ ಬರುತ್ತವೆ. ರೈಲಿನ ಟಿಕೆಟ್ ಆಗಿರುತ್ತದೆ, ಜಾಸ್ತಿ ಚೌಕಾಸಿಗೆ ಅವರಿಗೆ ಪುರುಸೊತ್ತಿಲ್ಲ. ನನ್ನ ಹತ್ತಿರ ಇರುವ ಡಿಸ್ಕ್‌ಗಳಲ್ಲಿ ಅರ್ಧ ಹಾಗೆ ಬಂದವು.

ಆದರೆ ನೋಡಿ ಕೊಳ್ಳಬೇಕು. ಒಮ್ಮೆ ಮಳೆಗಾಲದಲ್ಲಿ ಒಂದು ಅಂಗಡಿಯಿಂದ ಹಳೆಯ ಡಿಸ್ಕ್ ತಂದಿದ್ದೆ. ಕವರ್ ಹೊಸದರ ಹಾಗಿತ್ತು. ಮನೆಗೆ ಬಂದು ಹಾಕಿದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು. ತೆಗೆದು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಅಂಚಿನಿಂದ ಒಳಗೆ ಒಂದು ಬೆರಳಷ್ಟು ಅಗಲಕ್ಕೆ ತೆಳ್ಳಗೆ ಬಿಳಿ ಮಬ್ಬು, ಸಣ್ಣ ಸಣ್ಣ ಬೇರಿನ ಹಾಗೆ ಹರಡಿಕೊಂಡಿತ್ತು. ಬೂಷ್ಟು! ನೇರವಾಗಿ ನೋಡಿದರೆ ಅದು ಕಾಣುವುದೇ ಇಲ್ಲ. ಅದರ ಪಕ್ಕದಲ್ಲೇ ಉಗುರಿಗೆ ತಾಗುವಷ್ಟು ಆಳದ ಒಂದು ಗೀರು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ದುಡ್ಡು ಹೋಯಿತು.

ನಮ್ಮ ಕರಾವಳಿಯ ತೇವದಲ್ಲಿ ಚಪ್ಪಲಿ, ಬೆಲ್ಟ್, ಕ್ಯಾಮೆರಾ ಲೆನ್ಸ್ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಡಿಸ್ಕ್ ಅದಕ್ಕೇನು ಲೆಕ್ಕ? ಪಿಎಸ್4, ಪಿಎಸ್5 ಡಿಸ್ಕ್‌ಗಳು ಬ್ಲೂ-ರೇ. ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದ್ದರೆ ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್. ಮೇಲೆ ಗಟ್ಟಿ ಲೇಪ ಇರುವುದರಿಂದ ಸುಲಭಕ್ಕೆ ಗೀರಾಗುವುದಿಲ್ಲ, ನಿಜ. ಆದರೆ ಆಳವಾದ ಗೀರು ಬಿದ್ದರೆ ಉಜ್ಜಿ ಸರಿಮಾಡಲು ಜಾಗವೇ ಇಲ್ಲ. ಹಾಗಾಗಿ ಕೊಳ್ಳುವ ಮೊದಲು ಡಿಸ್ಕ್ ಅನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಬರೀ ಮಬ್ಬಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದರೆ ಕೆಲವು ಸಲ ಹೋಗುತ್ತದೆ. ಸುತ್ತ ಸುತ್ತ ಒರೆಸಬೇಡಿ. ಮನೆಯಲ್ಲಿ ಇಡುವಾಗ ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಬೇಕೇ ಬೇಕು.

ಇನ್ನೊಂದು ಮಾತು. ದುಬೈ, ಕತಾರ್‌ನಲ್ಲಿ ಇರುವ ಭಾವನೋ ಚಿಕ್ಕಪ್ಪನೋ ರಜೆಗೆ ಬರುವಾಗ ಡಿಸ್ಕ್ ತರುವುದು ನಮ್ಮ ಕಡೆ ಮಾಮೂಲಿ. ಪಿಎಸ್5 ಡಿಸ್ಕ್ ಯಾವ ದೇಶದ್ದಾದರೂ ಇಲ್ಲಿ ಓಡುತ್ತದೆ. ಆದರೆ ಆ ಗೇಮ್‌ನ ಡಿಎಲ್‌ಸಿ (ಬೇರೆಯಾಗಿ ಮಾರುವ ಹೆಚ್ಚುವರಿ ಭಾಗ) ಆಮೇಲೆ ಇಲ್ಲಿನ ಸ್ಟೋರ್‌ನಲ್ಲಿ ಕೊಂಡರೆ ಡಿಸ್ಕ್‌ಗೆ ಹೊಂದದೆ ಹೋಗಬಹುದು. ಡಿಸ್ಕ್‌ನ ರೀಜನ್ ಮತ್ತು ಡಿಎಲ್‌ಸಿಯ ರೀಜನ್ ಒಂದೇ ಇರಬೇಕು. ಡಿಎಲ್‌ಸಿ ಬೇಕಾಗುವಂಥ ಗೇಮ್ ಆದರೆ ಇಲ್ಲಿಯೇ ಕೊಳ್ಳುವುದು ಒಳ್ಳೆಯದು.

ಕಾದರೆ ಎಷ್ಟು ಇಳಿಯುತ್ತದೆ?

ಮೀನು ಇಳಿಸುವ ಧಕ್ಕೆಯಲ್ಲಿ ಬೆಳಿಗ್ಗೆ ಕಂಡ ಬಂಗುಡೆ ರೇಟು ಸಂಜೆಗೆ ಇರುವುದಿಲ್ಲ. ಆದರೆ ಸಂಜೆಯ ಮೀನು ಬೆಳಗ್ಗಿನ ಮೀನಲ್ಲ. ಗೇಮ್ ಹಾಗಲ್ಲ, ಇಟ್ಟಷ್ಟೂ ಒಳ್ಳೆಯದಾಗುತ್ತದೆ. ‘ಸೈಬರ್‌ಪಂಕ್ 2077’ ಇದಕ್ಕೆ ದೊಡ್ಡ ಉದಾಹರಣೆ. 2020ರ ಡಿಸೆಂಬರ್ 10ಕ್ಕೆ ಬಂದಾಗ ಪಿಎಸ್4ನಲ್ಲಿ ಅದು ಎಷ್ಟು ಕೆಟ್ಟದಾಗಿ ಓಡುತ್ತಿತ್ತು ಅಂದರೆ ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರ್‌ನಿಂದಲೇ ತೆಗೆದುಹಾಕಿತು. ಮತ್ತೆ ಸೇರಿಸಿದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಪಿಸಿ, ಪಿಎಸ್5ಗಳಿಗೆ 2.0 ಅಪ್‌ಡೇಟ್ ಬಂದ ಮೇಲೆ ಅದು ಬೇರೆಯೇ ಗೇಮ್ ಆಯಿತು. ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವರಿಗೆ ಅರೆಬೆಂದದ್ದು ಸಿಕ್ಕಿತು. ಮೂರು ವರ್ಷ ಕಾದವರಿಗೆ ಅರ್ಧ ರೇಟಿಗೆ ಪೂರ್ತಿ ಊಟ. ಮೊದಲು ಕೊಟ್ಟವರಿಗೆ ಆದದ್ದು ಅನ್ಯಾಯ ಅಂತಲೇ ನನಗೆ ಈಗಲೂ ಅನಿಸುತ್ತದೆ.

ಎಲ್ಲವೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ವರ್ಷವರ್ಷ ಬರುವ ಸ್ಪೋರ್ಟ್ಸ್ ಗೇಮ್‌ಗಳು ಬೇಗ ಬೀಳುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ‘ಎಫ್‌ಸಿ 24’ 2024ರ ಮೇನಲ್ಲಿ ಸೋನಿಯ ಚಂದಾ ಯೋಜನೆ ಪಿಎಸ್ ಪ್ಲಸ್‌ನ ಚಂದಾದಾರರಿಗೆ ಸುಮ್ನೆ ಸಿಕ್ಕಿತು. ಎಂಟು ತಿಂಗಳೂ ಆಗಿರಲಿಲ್ಲ! ನೀವು ಆನ್‌ಲೈನ್‌ನಲ್ಲಿ ತಂಡ ಕಟ್ಟಿ ದಿನಾ ಆಡುವವರಲ್ಲದಿದ್ದರೆ, ಮನೆಗೆ ಬಂದವರ ಜೊತೆ ಒಂದು ಮ್ಯಾಚ್ ಆಡುವವರಾದರೆ, ಇಂಥ ಗೇಮ್‌ಗೆ ಸೆಪ್ಟೆಂಬರ್‌ನಲ್ಲಿ ಪೂರ್ತಿ ದುಡ್ಡು ಕೊಡಬೇಡಿ. ನಿಂಟೆಂಡೊದ ಸ್ವಂತ ಗೇಮ್‌ಗಳು ಇದಕ್ಕೆ ತದ್ವಿರುದ್ಧ. ವರ್ಷಗಳು ಕಳೆದರೂ ಅವರು ಬೆಲೆ ಇಳಿಸುವುದು ಅಪರೂಪ. ಅಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ, ಬೇಕಾದರೆ ಸೆಕೆಂಡ್ ಹ್ಯಾಂಡ್ ಹುಡುಕಿ. ಸೋನಿಯ ಕಥೆಯ ಗೇಮ್‌ಗಳು ಇವೆರಡರ ನಡುವೆ. ಅವುಗಳಲ್ಲಿ ಕೆಲವು ಒಂದಷ್ಟು ವರ್ಷ ಬಿಟ್ಟು ಪಿಸಿಗೂ ಬಂದಿವೆ. 2018ರ ‘ಗಾಡ್ ಆಫ್ ವಾರ್’ ಪಿಸಿಗೆ ಬಂದದ್ದು 2022ರ ಜನವರಿಯಲ್ಲಿ.

ಸ್ಟೀಮ್‌ನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಸೇಲ್. ಜೂನ್ ಕೊನೆಗೆ ಬರುವುದು ನನಗೆ ಇಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಮೀನಿನ ರೇಟು ಆಕಾಶಕ್ಕೆ ಏರಿರುತ್ತದೆ. ಹೊರಗೆ ಕಾಲಿಡಲು ಆಗದ ಮಳೆ. ಆಗ ಗೇಮ್ ಒಂದೇ ಅಗ್ಗ. ಆದರೆ ಸೇಲ್‌ನ ಶೇಕಡಾವಾರು ನೋಡಿ ಕೊಳ್ಳಬೇಡಿ. ಸ್ಟೀಮ್‌ಡಿಬಿ ತಾಣದಲ್ಲಿ ಗೇಮ್‌ನ ಹೆಸರು ಹಾಕಿದರೆ ಈವರೆಗೆ ಅದು ಅತಿ ಕಡಿಮೆ ಯಾವ ರೇಟಿಗೆ ಸಿಕ್ಕಿತ್ತು ಅಂತ ರೂಪಾಯಿಯಲ್ಲೇ ತೋರಿಸುತ್ತದೆ. ಈಗಿನದ್ದು ಅದರ ಹತ್ತಿರ ಇದ್ದರೆ ಸರಿ, ಇಲ್ಲವಾದರೆ ಮುಂದಿನ ಸೇಲ್ ಬರುವುದು ಮೂರು ತಿಂಗಳಲ್ಲಿ ಅಲ್ವಾ?

ನಿನ್ನೆ ಪೂರ್ತಿ ಬೆಲೆಗೆ ಕೊಂಡೆ, ಇವತ್ತು ಸೇಲ್ ಬಂತು ಅಂತ ಬೇಜಾರಾದರೂ ದಾರಿ ಉಂಟು. ಕೊಂಡು 14 ದಿನ ಆಗಿರದೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ವಾಪಸ್ ಪಡೆದು ಸೇಲ್ ರೇಟಿಗೆ ಮತ್ತೆ ಕೊಳ್ಳುವುದು ತಪ್ಪಲ್ಲ ಅಂತ ಅವರ ನಿಯಮದಲ್ಲೇ ಬರೆದಿದೆ. ಪ್ಲೇಸ್ಟೇಷನ್ ಸ್ಟೋರ್ ಇಷ್ಟು ಧಾರಾಳಿ ಅಲ್ಲ. ಅಲ್ಲೂ 14 ದಿನ ಅಂತ ಇದೆ, ಆದರೆ ಡೌನ್‌ಲೋಡ್ ಶುರು ಮಾಡಿದರೆ ಹಕ್ಕು ಹೋಯಿತು. ಪಿಸಿಯಲ್ಲಿ ಕೊಂಡು ನೋಡುವ ಧೈರ್ಯ ಮಾಡಬಹುದು. ಪಿಎಸ್5ನಲ್ಲಿ ನೋಡಿಯೇ ಕೊಳ್ಳಬೇಕು.

ಕಾಯುವುದಕ್ಕೂ ಒಂದು ಕೆಟ್ಟ ಮಗ್ಗುಲು ಇದೆ. ಸೇಲ್‌ನಲ್ಲಿ ಅಗ್ಗ ಅಂತ ಹತ್ತು ಗೇಮ್ ಕೊಂಡು ಎರಡನ್ನು ಆಡಿದರೆ, ಆ ಎರಡಕ್ಕೆ ನೀವು ಕೊಟ್ಟದ್ದು ಹತ್ತರ ದುಡ್ಡು. ಅಳಿಯನ ಲೈಬ್ರರಿ ತೆಗೆಸಿ ನೋಡಿದೆ. 41 ಗೇಮ್, ಅದರಲ್ಲಿ 23 ಒಮ್ಮೆಯೂ ತೆರೆದಿಲ್ಲ. 200, 300 ಅಂತ ಕೊಂಡವು. ಕೂಡಿಸಿದರೆ ಆರು ಸಾವಿರ ದಾಟಿತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ‘ಯೊತೇಯ್’ ಬಂದು ಮೇಲೆ ಚಿಲ್ಲರೆ ಉಳಿಯುತ್ತಿತ್ತು.

ಚಂದಾ ಕಟ್ಟಿದರೆ?

ಗೇಮ್ ಪಾಸ್ 2017ರಲ್ಲಿ ಶುರುವಾದಾಗ ಗೇಮ್ ಕೊಳ್ಳುವ ಕಾಲವೇ ಮುಗಿಯಿತು ಅಂತ ತುಂಬಾ ಜನ ಅಂದರು. ನಾನೂ ನಂಬಿದ್ದೆ. ಆದರೆ 2025ರ ಅಕ್ಟೋಬರ್ 1ಕ್ಕೆ ಅಲ್ಟಿಮೇಟ್ ಯೋಜನೆ 19.99 ಡಾಲರ್‌ನಿಂದ 29.99ಕ್ಕೆ ಜಿಗಿಯಿತು. ನಮ್ಮಲ್ಲೂ ರೇಟು ಏರಿತು. ಅಮೆರಿಕದ ಆಗಿನ ಲೆಕ್ಕದಲ್ಲಿ ವರ್ಷಕ್ಕೆ 360 ಡಾಲರ್, ಅಂದರೆ 70 ಡಾಲರ್‌ನ ಐದು ಹೊಸ ಗೇಮ್. ವರ್ಷಕ್ಕೆ ಐದು ಹೊಸ ದೊಡ್ಡ ಗೇಮ್ ಆಡುವಷ್ಟು ಪುರುಸೊತ್ತು ಯಾರಿಗಿದೆ?

ಚಂದಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನು ವರ್ಷಪೂರ್ತಿ ಇಟ್ಟುಕೊಳ್ಳುವ ಅಭ್ಯಾಸ ಬೇಡ ಅನ್ನುತ್ತೇನೆ. ಪರೀಕ್ಷೆ ಮುಗಿದ ತಿಂಗಳು ಕಟ್ಟಿ, ಮೂರು ಗೇಮ್ ಮುಗಿಸಿ, ನಿಲ್ಲಿಸಿ. ಅದಕ್ಕಿಂತ ಅಗ್ಗದ ದಾರಿ ಬೇರೆ ಇಲ್ಲ. ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ 2025ರ ಏಪ್ರಿಲ್‌ನಲ್ಲಿ ಬಂದ ದಿನವೇ ಗೇಮ್ ಪಾಸ್‌ನಲ್ಲಿ ಇತ್ತು. ಆ ಒಂದು ಗೇಮ್‌ಗಾಗಿ ಒಂದು ತಿಂಗಳು ಕಟ್ಟಿದವರು ಗೆದ್ದರು. ಪಿಎಸ್ ಪ್ಲಸ್‌ನಲ್ಲಿ ನಮ್ಮ ದೇಶಕ್ಕೆ ಎಸೆನ್ಷಿಯಲ್, ಎಕ್ಸ್‌ಟ್ರಾ, ಡಿಲಕ್ಸ್ ಅಂತ ಮೂರು ಹಂತ. ಹೊಸ ಪಿಎಸ್5 ಕೊಂಡು ಒಂದೂ ಗೇಮ್ ಇಲ್ಲದವರಿಗೆ, ಆಡಲು ಗೇಮ್‌ಗಳ ದೊಡ್ಡ ಪಟ್ಟಿಯೇ ಸಿಗುವ ಎಕ್ಸ್‌ಟ್ರಾ ಒಳ್ಳೆಯ ಶುರು. ಸೋನಿ ತನ್ನ ದೊಡ್ಡ ಗೇಮ್‌ಗಳನ್ನು ಬಿಡುಗಡೆ ದಿನ ಅದರಲ್ಲಿ ಹಾಕುವುದಿಲ್ಲ, ಅದು ನೆನಪಿರಲಿ.

ಚಂದಾದ ಅವಧಿ ಮುಗಿದ ಮೇಲೆ ಗೇಮ್ ತೆರೆಯುವುದಿಲ್ಲ. ಪಟ್ಟಿಯಿಂದ ಗೇಮ್‌ಗಳು ಹೋಗುತ್ತಲೂ ಇರುತ್ತವೆ, 80 ಗಂಟೆಯ ಗೇಮ್‌ನ 60ನೇ ಗಂಟೆಯಲ್ಲಿ ನೀವು ಇದ್ದರೂ. ದುಡ್ಡು ತಾನಾಗಿ ಕಡಿತವಾಗುವ ಮೊದಲು 24 ಗಂಟೆ ಮುಂಚೆ ಬ್ಯಾಂಕಿನಿಂದ ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆ ಮೆಸೇಜ್ ಬಂದಾಗ ಓದಿ, ಬೇಡವಾದರೆ ಆಗಲೇ ರದ್ದು ಮಾಡಿ.

ಉಚಿತ, ಅರೆ ಉಚಿತ, ಮತ್ತು ಮುಟ್ಟಬಾರದ್ದು

ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಿಂದ ಉಚಿತ ಗೇಮ್ ಕೊಡುತ್ತಾ ಬಂದಿದೆ. ವಾರ ವಾರ, ಗುರುವಾರ ರಾತ್ರಿ. 2020ರ ಮೇನಲ್ಲಿ ‘ಜಿಟಿಎ 5’ ಕೂಡ ಹಾಗೇ ಕೊಟ್ಟಿದ್ದರು. ಪಿಸಿ ಇದ್ದರೆ ಅಕೌಂಟ್ ಮಾಡಿಡಿ, ನಷ್ಟ ಏನಿಲ್ಲ. ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುವವರು ಗೇಮ್‌ಗೆ ದುಡ್ಡು ಕೊಡುವುದಿಲ್ಲ, ಆದರೆ ಬಟ್ಟೆಗೆ, ಗನ್‌ನ ಬಣ್ಣಕ್ಕೆ ಯುಸಿ (ಗೇಮ್‌ನೊಳಗಿನ ನಾಣ್ಯ) ಅಂತ 80, 400 ರೂಪಾಯಿ ಕೊಡುತ್ತಲೇ ಇರುತ್ತಾರೆ. ವರ್ಷಕ್ಕೊಮ್ಮೆ ಫೋನಿನ ಪಾವತಿ ಪಟ್ಟಿ ತೆಗೆದು ಕೂಡಿಸಿ ನೋಡಿ.

ಮನೆಯಲ್ಲಿ ಇಬ್ಬರು ಮೂವರು ಪಿಸಿಯಲ್ಲಿ ಆಡುವವರಿದ್ದರೆ ಸ್ಟೀಮ್ ಫ್ಯಾಮಿಲೀಸ್ ಬಳಸಿ. ಒಂದೇ ಮನೆಯ ಆರು ಜನರವರೆಗೆ ಒಬ್ಬರ ಗೇಮ್ ಇನ್ನೊಬ್ಬರು ಆಡಬಹುದು. ಒಂದೇ ಗೇಮ್ ಅನ್ನು ಇಬ್ಬರು ಒಟ್ಟಿಗೆ ಆಡಬೇಕಾದರೆ ಮಾತ್ರ ಎರಡು ಪ್ರತಿ ಬೇಕು. ಒಂದು ಎಚ್ಚರಿಕೆ: ತಮ್ಮ ನಿಮ್ಮ ಗೇಮ್‌ನಲ್ಲಿ ಚೀಟ್ ಹಾಕಿ ಸಿಕ್ಕಿಬಿದ್ದರೆ ಆ ಗೇಮ್‌ನಲ್ಲಿ ನಿಮಗೂ ನಿಷೇಧ.

ಅರ್ಧ ರೇಟಿಗೆ ‘ಕೀ’ ಮಾರುವ ತಾಣಗಳು, ‘ಅಕೌಂಟ್ ಬಾಡಿಗೆಗೆ’ ಅಂತ ವಾಟ್ಸ್ಆ್ಯಪ್‌ನಲ್ಲಿ ಬರುವವರು, ಇವರ ಹತ್ತಿರ ಹೋಗಬೇಡಿ. ಕದ್ದ ಕಾರ್ಡಿನಲ್ಲಿ ಕೊಂಡ ಕೀಗಳೂ ಅಲ್ಲಿ ಇರುತ್ತವೆ. ಅಸಲಿ ಮಾಲೀಕ ದೂರು ಕೊಟ್ಟ ದಿನ ನಿಮ್ಮ ಲೈಬ್ರರಿಯಿಂದ ಗೇಮ್ ಮಾಯ. ಇದು ನನ್ನ ಗೆಳೆಯನಿಗೇ ಆಗಿದೆ. ಎರಡು ತಿಂಗಳು ಆಡಿದ ಮೇಲೆ ಒಂದು ದಿನ ಗೇಮೇ ಇಲ್ಲ, ಮಾರಿದವರ ಉತ್ತರವೂ ಇಲ್ಲ.

ಹಾಗಾದರೆ ಪೂರ್ತಿ ದುಡ್ಡು ಯಾವುದಕ್ಕೆ?

ಗೆಳೆಯರೆಲ್ಲ ಒಟ್ಟಿಗೆ ಆಡುವ ಗೇಮ್‌ಗೆ ಕೊಡಿ. ನಾಲ್ಕು ಜನ ಈ ಶನಿವಾರ ಕೂರುತ್ತಾರೆ ಅಂದಮೇಲೆ ಆರು ತಿಂಗಳು ಬಿಟ್ಟು ಅಗ್ಗಕ್ಕೆ ಕೊಂಡು ನೀವೊಬ್ಬರೇ ಏನು ಮಾಡುತ್ತೀರಿ? ಆದರೆ ಆನ್‌ಲೈನ್ ಗೇಮ್ ಅಂದಮೇಲೆ ಒಂದೆರಡು ವಾರವಾದರೂ ನೋಡಿ. ಸೋನಿಯ ‘ಕಾನ್‌ಕಾರ್ಡ್’ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿಹೋಯಿತು. ಅಲ್ಲಿ ದುಡ್ಡು ವಾಪಸ್ ಕೊಟ್ಟರು. ಯೂಬಿಸಾಫ್ಟ್‌ನ ‘ದಿ ಕ್ರೂ’ 2014ರ ಗೇಮ್, 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಒಬ್ಬರೇ ಆಡುವ ಭಾಗವೂ ಅದರ ಜೊತೆಗೇ ಹೋಯಿತು. ದುಡ್ಡು ಕೊಟ್ಟು ಕೊಂಡದ್ದನ್ನು ಹೀಗೆ ಕಿತ್ತುಕೊಳ್ಳುವುದು ಸರಿಯಲ್ಲ ಅಂತ ಯುರೋಪಿನಲ್ಲಿ ಲಕ್ಷಗಟ್ಟಲೆ ಜನ ಸಹಿ ಹಾಕಿದ್ದಾರೆ. ನನಗೂ ಅದು ಸರಿ ಅನಿಸುವುದಿಲ್ಲ. ಗೇಮ್ ನಿಮ್ಮ ಹತ್ತಿರವೇ ಉಳಿಯಬೇಕು ಅಂತ ಇದ್ದರೆ ಜಿಒಜಿ ತಾಣ ನೋಡಿ. ಅಲ್ಲಿ ಕೊಂಡದ್ದರ ಇನ್‌ಸ್ಟಾಲರ್ ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು, ಯಾರ ಸರ್ವರ್ ಹಂಗೂ ಬೇಡ. ಮಳೆಗೆ ನೆಟ್ ಹೋದ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ.

ಸಣ್ಣ ತಂಡದವರ ಗೇಮ್‌ಗೂ ಪೂರ್ತಿ ಕೊಡಿ. ‘ಸಿಲ್ಕ್‌ಸಾಂಗ್’ ಮಾಡಿದ ಟೀಮ್ ಚೆರ್ರಿ ಆಸ್ಟ್ರೇಲಿಯಾದ ಅಡಿಲೇಡ್‌ನ ಮೂರ್ನಾಲ್ಕು ಜನರ ತಂಡ. ಆರು ವರ್ಷ ಕಾಯಿಸಿ, 2025ರ ಸೆಪ್ಟೆಂಬರ್ 4ಕ್ಕೆ ಬಿಟ್ಟರು, ಬೆಲೆ 20 ಡಾಲರ್. ಕೊಳ್ಳಲು ನುಗ್ಗಿದ ಜನಕ್ಕೆ ಅವತ್ತು ಸ್ಟೀಮ್ ಸೇರಿ ಹಲವು ಸ್ಟೋರ್‌ಗಳೇ ತಡವರಿಸಿದವು. ನಮ್ಮ ದೇಶದ್ದು ನೋಡುವುದಾದರೆ ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ‘ರಾಜಿ’ ಮಾಡಿತು. ಇಂಥವರಿಗೆ ಶೇ 80 ಕಡಿತ ಬರಲಿ ಅಂತ ಕಾದು ಕೊಟ್ಟ 100 ರೂಪಾಯಿ ಎಷ್ಟು ದೂರ ಹೋಗುತ್ತದೆ? ಅವರ ಇನ್ನೊಂದು ಗೇಮ್ ನಮಗೆ ಬೇಕು ಅಂದರೆ ಈ ಗೇಮ್‌ಗೆ ಕೊಡಬೇಕು. ಈ ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಬಿಡುಗಡೆಗೆ ಮೊದಲೇ ದುಡ್ಡು ಕಟ್ಟುವ ಪ್ರೀ-ಆರ್ಡರ್ ಮಾತ್ರ ಯಾವುದಕ್ಕೂ ಬೇಡ. ಡೌನ್‌ಲೋಡ್ ಖಾಲಿಯಾಗುವ ವಸ್ತುವಲ್ಲ. ಮೂರು ದಿನ ಮುಂಚೆ ಆಡಲು ಬಿಡುತ್ತೇವೆ ಅಂತ ಸಾವಿರ ಜಾಸ್ತಿ ಕೇಳುವ ಡಿಲಕ್ಸ್ ಎಡಿಷನ್ ಕೂಡ ಬೇಡ. ಆ ಮೂರು ದಿನ ಬೇರೆಯವರು ಆಡಿ ಹೇಳಿದ್ದನ್ನು ಕೇಳುವುದೇ ನಿಮಗೆ ಲಾಭ.

ಅಳಿಯನ ವಿಷಯಕ್ಕೆ ಬರುತ್ತೇನೆ. ಮಣಿಪಾಲದ ಅವನ ರೂಮಿನಲ್ಲಿ ನಾಲ್ಕು ಜನ, ನಾಲ್ವರಿಗೆ ಒಂದೇ ಪಿಎಸ್5. ನಾಲ್ವರಿಗೂ ‘ಯೊತೇಯ್’ ಬೇಕು, ನಾಲ್ವರೂ ರಜೆ ಮುಗಿದ ಮರುದಿನದಿಂದಲೇ ಆಡುವವರು. “ಒಬ್ಬನೇ ಯಾಕೆ ಐದು ಸಾವಿರ ಹಾಕ್ತಿ ಮಾರಾಯ, ಅವರಿಗೂ ಫೋನ್ ಮಾಡು” ಅಂದೆ. ಶೋಭಾಯಾತ್ರೆ ನೋಡಲು ಹೊರಡುವ ಮೊದಲೇ ತಲಾ 1,250 ಅಂತ ತೀರ್ಮಾನವಾಯಿತು. ಡೌನ್‌ಲೋಡ್ ಬೇಡ, ಡಿಸ್ಕೇ ತಗೊಳ್ಳಿ ಅಂತ ಮಾತ್ರ ಹೇಳಿದೆ. ರಾತ್ರಿ ಒಬ್ಬ, ಬೆಳಿಗ್ಗೆ ಒಬ್ಬ ಅಂತ ಪಾಳಿ ಹಾಕಿ ಆಡಿದರಂತೆ. ಡಿಸೆಂಬರ್ ಹೊತ್ತಿಗೆ ನಾಲ್ವರದ್ದೂ ಮುಗಿಯಿತು. 3,200ಕ್ಕೆ ಮಾರಿದರು. ಒಬ್ಬೊಬ್ಬರಿಗೆ ಬಿದ್ದದ್ದು 450 ರೂಪಾಯಿ.

ಕೊಳ್ಳಲು ಬಂದ ಹುಡುಗ ಮೊದಲು ಡಿಸ್ಕ್ ಅನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು, ಒಂದು ಸುತ್ತು ತಿರುಗಿಸಿ ನೋಡಿದನಂತೆ. ಆಮೇಲೆಯೇ ದುಡ್ಡು ಎಣಿಸಿದ್ದು.